ನಲ್ಲೂರು ಪಿಳ್ಳಪ್ಪನ ತುಂಬಿದ ಕೋವಿ

ಸಾವಿರದ ಒಂಬೈನೂರ ನಲವತ್ಮೂರನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಗೋಣಿಕುಂಟೆಯ ಕೋವಿ ತಪಾಸಣಾ ಉಪಕಚೇರಿಗೆ ಮೂವತ್ತೊಂದು ಕೋವಿಗಳು ಹಾಜರಾದವು. ಅವುಗಳಲ್ಲಿ ಮೂವತ್ತು ಖಾಲಿ ಇದ್ದವು.

ಮೂವತ್ತೊಂದನೆಯದು ನಲ್ಲೂರಿನ ಪಿಳ್ಳಪ್ಪನದು.

ಅದು ಕೇಪಿನ ಕೋವಿ. ಅವನ ತಂದೆಯ ಕಾಲದ್ದು. ಒಂಟಿ ನಳಿಗೆ, ಒಳಗೆಲ್ಲ ನುಣುಪು. ಬಾಯಿಯ ಕಡೆಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜ ಎಂಬ ಕಬ್ಬಿಣದ ಕಡ್ಡಿಯಿಂದ ಜಡಿಯಬೇಕು. ಅದರ ಮೇಲೆ ಚರೆ ಹಾಕಬೇಕು. ಚರೆ ಎಂದರೆ ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ ಸೀಸದ ಗುಂಡು. ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂಬದಿಯ ತೂತಿನ ಮೇಲೆ ಕಿಡಿ ಕೊಡುವ ಕೇಪು. ಇಷ್ಟಾಗುವುದರೊಳಗೆ ಕೌಜುಗದ ಹಕ್ಕಿ ಪಕ್ಕದ ಊರಿನ ಎಲ್ಲೆಯಲ್ಲಿರುತ್ತದೆ. ಆದ್ದರಿಂದ ತಿಳಿದವರು ಮನೆಯಲ್ಲೇ ತುಂಬಿಕೊಂಡು ಹೊರಡುತ್ತಾರೆ. ಒಮ್ಮೆ ತುಂಬಿದರೆ ಸಾಮಾನ್ಯವಾಗಿ ಹಾರಿಸಿಯೇ ಖಾಲಿ ಮಾಡಬೇಕು. ಪಿಳ್ಳಪ್ಪ ಎದುರಿಗೆ ಹಕ್ಕಿ ಇಲ್ಲದೆ ಹಾರಿಸುವವನಲ್ಲ. ಅವನಪ್ಪನೂ ಅಲ್ಲ. ಯುದ್ಧ ಶುರುವಾದ ಮೇಲಂತೂ ಮದ್ದು ಸೀಮೆಎಣ್ಣೆಯ ಹಾಗೆ ಪಡಿಯಲ್ಲಿ ಸಿಗುತ್ತಿತ್ತು.

ಆ ದಿನ ಬೆಳಿಗ್ಗೆ ಅವನು ಅವರೆ ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಇಪ್ಪತ್ತು ಮಾರು ದೂರದಲ್ಲಿ ಒಂದು ಕೌಜುಗ ನಿಂತಿತ್ತು. ಊರ ಕಡೆಯಿಂದ ತಮಟೆ ಕೇಳಿಸಿತು.

"ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಹೋಬಳಿಯ ಸಮಸ್ತ ಕೋವಿಗಳು ಇರುವ ಸ್ಥಿತಿಯಲ್ಲಿ ಈ ದಿನವೇ ಗೋಣಿಕುಂಟೆ ಉಪಕಚೇರಿಗೆ ಹಾಜರಾಗತಕ್ಕದ್ದು. ಸಂಕ್ರಾಂತಿಯ ಒಳಗಾಗಿ ಬಳಕೆಯಲ್ಲಿವೆ ಎಂದು ರುಜುವಾಗದ ಕೋವಿಗಳನ್ನು ಯುದ್ಧದ ಕಬ್ಬಿಣಕ್ಕಾಗಿ ಕರಗಿಸಲಾಗುವುದು."

ಸರ್ಕಾರದ ಮಾತು ಮುಗಿಯುವ ತನಕ ಕೌಜುಗವೂ ನಿಂತು ಕೇಳಿತು. ಆಮೇಲೆ ಹಾರಿಹೋಯಿತು. ಪಿಳ್ಳಪ್ಪ ಎದ್ದು, ಮೊಣಕಾಲು ಒರೆಸಿಕೊಂಡು, ಕೋವಿಯನ್ನು ಇರುವ ಸ್ಥಿತಿಯಲ್ಲಿ ಹೆಗಲಿಗೆ ಹಾಕಿಕೊಂಡು, ಹುಣಸೆ ತೋಪು ದಾಟಿ ಗೋಣಿಕುಂಟೆಗೆ ನಡೆದ.

ಉಪಕಚೇರಿಯ ಅಧಿಕಾರಿ ನರಸಿಂಹಯ್ಯನವರು ಸಾಧು ಮನುಷ್ಯ. ಕೋವಿ ಹಿಡಿದವರಲ್ಲ, ಮಾಂಸ ಮುಟ್ಟಿದವರಲ್ಲ. ಆದ್ದರಿಂದಲೇ ಅವರನ್ನು ನೇಮಿಸಲಾಗಿತ್ತು. ಅವರ ಮುಂದೆ ರಿಜಿಸ್ಟರ್ ಇತ್ತು. ಅದರ ಮೂರನೆಯ ಕಲಮಿನಲ್ಲಿ "ಖಾಲಿ — ಹೌದು" ಎಂದು ಅಚ್ಚಾಗಿಯೇ ಬಂದಿತ್ತು.

"ಖಾಲಿ ತಾನೆ?" ಎಂದು ತಲೆ ಎತ್ತದೆ ಕೇಳಿದರು.

"ತುಂಬೈತೆ," ಅಂದ ಪಿಳ್ಳಪ್ಪ.

ಲೇಖನಿ ನಿಂತಿತು.

"ಖಾಲಿ ಮಾಡಿ ತರಬಾರದಿತ್ತೇನಯ್ಯ?"

"ಇರೋ ಸ್ಥಿತೀಲಿ ತನ್ನಿ ಅಂತ ಸಾರಿದ್ರು."

ನರಸಿಂಹಯ್ಯನವರು ಕೈಪಿಡಿ ತೆಗೆದರು. ಏಳನೆಯ ನಿಯಮದ ಪ್ರಕಾರ ತುಂಬಿದ ಕೋವಿಯನ್ನು ಕಚೇರಿಯ ಒಳಗೆ ಇಡಕೂಡದು. ಒಂಬತ್ತನೆಯದರ ಪ್ರಕಾರ ಆವರಣಕ್ಕೆ ಬಂದ ಕೋವಿಯನ್ನು ಖಾಲಿ ಎಂದು ದಾಖಲಾಗದೆ ಹೊರಗೆ ಬಿಡಕೂಡದು. ಹನ್ನೊಂದನೆಯದರ ಪ್ರಕಾರ ಆವರಣದಲ್ಲಿ ಕೋವಿ ಹಾರಿಸಕೂಡದು.

"ತಿರುಪುಕಡ್ಡಿ ಸಿಕ್ರೆ ಮದ್ದು ಈಚೆಗೆ ಎಳೀತೀನಿ," ಅಂದ ಪಿಳ್ಳಪ್ಪ.

ನರಸಿಂಹಯ್ಯನವರು ಪುಟ ಮಗುಚಿದರು. "ಹನ್ನೆರಡು. ಪಡಿಯಲ್ಲಿ ಕೊಟ್ಟ ಮದ್ದನ್ನು ಬೇಟೆಯ ಹೊರತು ಬೇರೆ ರೀತಿಯಲ್ಲಿ ಸ್ಥಳಾಂತರಿಸಬೇಕಾದರೆ ಬೆಂಗಳೂರಿನ ಅಪ್ಪಣೆ ಬೇಕು."

"ಬರೀರಿ ಹಂಗಾರೆ."

"ಬರೆಯುತ್ತೇನೆ."

ಜಗಲಿಯು ಕಚೇರಿಯ ಒಳಗೂ ಅಲ್ಲ, ಆವರಣದ ಹೊರಗೂ ಅಲ್ಲ ಎಂಬುದನ್ನು ನರಸಿಂಹಯ್ಯನವರು ಅರ್ಧ ಗಂಟೆ ಯೋಚಿಸಿ ಕಂಡುಕೊಂಡರು. ಕೋವಿಯನ್ನು ಜಗಲಿಯ ಮೇಲೆ ಒಂದು ಬೆಂಚಿನಲ್ಲಿ ಮಲಗಿಸಲಾಯಿತು. ಜವಾನ ಇಮಾಮ್ ಸಾಬ್ ಅದರ ಕಾವಲಿಗೆ ನೇಮಕವಾದ. ಮಿಕ್ಕ ಮೂವತ್ತು ಕೋವಿಗಳು ನಿಯಮಕ್ಕೆ ಸರಿಯಾಗಿದ್ದುದರಿಂದ ಒಳಗಿನ ಕೋಣೆ ಸೇರಿ ಬೀಗ ಹಾಕಿಸಿಕೊಂಡವು.

ಮನೆಯಲ್ಲಿ ಹೆಂಡತಿ ಅಮ್ಮಯಮ್ಮ ಕೇಳಿದಳು.

"ಕೋವಿ ಎಲ್ಲಿ?"

"ಜಗಲಿ ಮ್ಯಾಲೆ."

"ಯಾರ ಜಗಲಿ?"

"ಸರ್ಕಾರದ್ದು."

"ಮೂವತ್ತು ಜನ ಹಾರಿಸ್ಕೊಂಡು ಹೋದ್ರು. ನಿಂಗೇನು ಬಂದಿತ್ತು? ಒಂದು ಕಿತ ಮೇಲಕ್ಕೆ ಢಂ ಅನ್ಸಿದ್ರೆ ಆಕಾಶ ತೂತು ಬೀಳ್ತಿತ್ತಾ?"

"ಮದ್ದು ದಂಡ."

"ಇವಾಗ ಕೋವೀನೇ ದಂಡ."

ಪಿಳ್ಳಪ್ಪ ಉಣ್ಣಲು ಕೂತ. ಗೋಡೆಯ ಮೇಲೆ ಕೋವಿಯ ಎರಡು ಗೂಟಗಳು ಹಾಗೇ ಇದ್ದವು. ಅವನು ಅವುಗಳಿಗೆ ಬೆನ್ನು ಮಾಡಿ ಕೂತ.

ಮರುದಿನ ಮತ್ತೆ ಕಚೇರಿಗೆ ಹೋದ. ಬಳಕೆಯಲ್ಲಿದೆ ಎಂದು ರುಜು ಮಾಡುವುದು ಹೇಗೆಂದು ಕೇಳಿದ.

"ಸುಲಭ," ಅಂದರು ನರಸಿಂಹಯ್ಯನವರು. "ಹದಿನಾಲ್ಕನೆಯ ನಿಯಮ. ಕೋವಿಯಿಂದ ಹೊಡೆದ ಆರು ಹಕ್ಕಿಗಳನ್ನು ನಮೂನೆಯಾಗಿ ಒಪ್ಪಿಸಬೇಕು. ಅವನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳುಹಿಸುತ್ತೇವೆ."

"ಹಂಗಾರೆ ಕೋವಿ ಕೊಡಿ."

"ರುಜುವಾದ ಮೇಲೆ ಕೊಡೋಣ."

"ಕೋವಿ ಇಲ್ದೆ ಹಕ್ಕಿ ಹೆಂಗೆ ಹೊಡೀಲಿ ಸ್ವಾಮಿ?"

"ಅದು ಬೇಟೆಗೆ ಸಂಬಂಧಿಸಿದ ವಿಷಯ. ಈ ಕಚೇರಿ ಅದರಲ್ಲಿ ಕೈ ಹಾಕುವುದಿಲ್ಲ."

ಪಿಳ್ಳಪ್ಪ ಜಗಲಿಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಇಮಾಮ್ ಸಾಬ್ ಬೀಡಿ ಕೊಟ್ಟ. ಇಮಾಮ್ ಸಾಬ್ ಮನೆಯಲ್ಲಿ ಒಂದು ಕೌಜುಗ ಸಾಕಿದ್ದ. ಅದರ ಹೆಸರು ಬಾದ್‌ಶಾ. ಕಾವಲು ಕೆಲಸ ಬೇಸರವೆಂದು ಪಂಜರ ಸಮೇತ ಅದನ್ನು ಜಗಲಿಗೆ ತಂದು ನೇತುಹಾಕಿಕೊಂಡಿದ್ದ. ಬಾದ್‌ಶಾ ಕತ್ತೆತ್ತಿ ಮೂರು ಸಲ ಕೂಗಿತು. ಬೇಲಿಯ ಆಚೆ ಹುರುಳಿ ಹೊಲದಿಂದ ಇನ್ನೊಂದು ಕೌಜುಗ ಉತ್ತರ ಕೊಟ್ಟಿತು. ಸ್ವಲ್ಪ ಹೊತ್ತಿಗೆ ಅದು ಜಗಳಕ್ಕೆಂದು ಬೇಲಿ ನುಗ್ಗಿ ಈಚೆಗೇ ಬಂತು.

ಪಿಳ್ಳಪ್ಪ ಹಕ್ಕಿಯನ್ನು ನೋಡಿದ. ಕೋವಿಯನ್ನು ನೋಡಿದ. ಇಮಾಮ್ ಸಾಬ್‌ನನ್ನು ನೋಡಿದ.

"ಹನ್ನೊಂದನೇ ನಿಯಮ," ಅಂದ ಇಮಾಮ್ ಸಾಬ್.

"ಗೊತ್ತು."

"ಅರೆ ಪಿಳ್ಳಪ್ಪಾ, ಉರುಲು ಹಾಕಪ್ಪ. ನನ್ ಅಣ್ಣಂದು ಜಟಕಾ ಐತೆ. ಕುದುರೆ ಬಾಲದಾಗೆ ಉರುಲಿಗೆ ಕೂದ್ಲು ಬೇಕಾದಷ್ಟು."

ಪಿಳ್ಳಪ್ಪ ಬೀಡಿ ಎಳೆದ. ಅವನ ಅಪ್ಪ ಉರುಲಿಗೆ ಸಿಕ್ಕ ಹಕ್ಕಿ ಕಂಡರೆ ಬಿಡಿಸಿ ಹಾರಿಬಿಡುತ್ತಿದ್ದ, ಮರುದಿನ ಅದನ್ನೇ ಹುಡುಕಿಕೊಂಡು ಹೋಗಿ ಕೋವಿಯಲ್ಲಿ ಹೊಡೆಯುತ್ತಿದ್ದ. ಪಿಳ್ಳಪ್ಪ ನಲವತ್ತು ವರ್ಷ ಹಾಗೇ ನಡೆದುಕೊಂಡಿದ್ದ. ಸಂಕ್ರಾಂತಿಗೆ ಹದಿನೆಂಟು ದಿನ ಉಳಿದಿತ್ತು.

"ಬಿಳೀ ಕುದ್ರೇನಾ, ಕರೀದಾ?" ಎಂದು ಕೊನೆಗೆ ಕೇಳಿದ.

"ಕಂದು."

"ಆಗ್ತದೆ."

ಹದಿನಾರನೆಯ ನಿಯಮದ ಪ್ರಕಾರ ಉರುಲು ಹಾಕುವುದು ಅಪರಾಧ. ಅದರ ಶಿಕ್ಷೆ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿತ್ತು. ಆದ್ದರಿಂದ ಬೇಲಿಯಲ್ಲಿ ಕಟ್ಟಿದ ಉರುಲುಗಳು ನರಸಿಂಹಯ್ಯನವರಿಗೆ ಕಾಣಿಸುತ್ತಿರಲಿಲ್ಲ. ಬಾದ್‌ಶಾ ಕೂಗಿತು. ನಾಲ್ಕು ದಿನದಲ್ಲಿ ಆರು ಕೌಜುಗ ಸಿಕ್ಕವು. ಅವನ್ನು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಮೇಲೆ ಮೊಹರು ಹಾಕಿ, ಬೆಂಗಳೂರಿನ ಮೇಲಧಿಕಾರಿ ಸಾಹೇಬರಿಗೆ ಕಳುಹಿಸಲಾಯಿತು.

ಒಂದು ವಾರದಲ್ಲಿ ಪರೀಕ್ಷಾ ವರದಿ ಬಂತು. "ನಮೂನೆಗಳನ್ನು ಪರೀಕ್ಷಿಸಲಾಯಿತು. ಮಾಂಸ ಮೃದುವಾಗಿದೆ. ಆದರೆ ಒಂದರಲ್ಲೂ ಚರೆ ಕಂಡುಬರಲಿಲ್ಲ. ಚರೆ ಇಲ್ಲದ ಹಕ್ಕಿ ಕೋವಿಯ ಹಕ್ಕಿ ಎನಿಸಲಾರದು. ಬೇರೆ ಆರು ಕಳುಹಿಸತಕ್ಕದ್ದು."

ಸಂಕ್ರಾಂತಿಗೆ ಏಳು ದಿನ. ಪಿಳ್ಳಪ್ಪ ಮನೆಯಿಂದ ಚರೆಯ ಚೀಲ ತಂದ. ಜಗಲಿಯ ಮೇಲೆ ಕೂತು, ಉರುಲಿಗೆ ಹೊಸದಾಗಿ ಬಿದ್ದ ಆರು ಹಕ್ಕಿಗಳಲ್ಲಿ ಒಂದೊಂದಕ್ಕೂ ಜಾಲಿ ಮುಳ್ಳಿನಲ್ಲಿ ತೂತು ಮಾಡಿ ಮೂರು ಮೂರು ಚರೆ ತುರುಕಿದ. ಕೋವಿ ಪಕ್ಕದಲ್ಲೇ ಮಲಗಿತ್ತು. ಅವನು ಅದರ ಕಡೆ ತಿರುಗಲಿಲ್ಲ.

"ಬೆನ್ನಿಗೆ ಹಾಕು, ಬೆನ್ನಿಗೆ," ಅಂದ ಇಮಾಮ್ ಸಾಬ್. "ಎದೇಗೆ ಹಾಕಿದ್ರೆ ಹಕ್ಕಿ ನಿನ್ ಮ್ಯಾಲೆ ಏರಿ ಬಂತು ಅಂತಾರೆ."

"ನಾನು ಕೂತಿರೋ ಹಕ್ಕಿಗೆ ಹೊಡೆಯೋನಲ್ಲ. ಎದ್ದ ಹಕ್ಕಿಗೆ ರೆಕ್ಕೆ ಕೆಳಗೆ ಬೀಳ್ತದೆ ಏಟು."

"ಹಂಗಾರೆ ರೆಕ್ಕೆ ಕೆಳಗೆ ಚುಚ್ಚು. ನಿನ್ ಗುರಿ ನಂಗೇನು ಗೊತ್ತು?"

ಪಿಳ್ಳಪ್ಪ ರೆಕ್ಕೆ ಎತ್ತಿ ಸರಿಯಾದ ಜಾಗಕ್ಕೇ ಚುಚ್ಚಿದ.

ಎರಡನೆಯ ವರದಿ ಸಂಕ್ರಾಂತಿಯ ಹಿಂದಿನ ದಿನ ಬಂತು. "ಚರೆ ಕಂಡುಬಂದಿದೆ. ಪರೀಕ್ಷೆಯ ಕಾಲದಲ್ಲಿ ಮಾನ್ಯ ಸಾಹೇಬರ ಬಲಗಡೆಯ ದವಡೆ ಹಲ್ಲು ಮುರಿದಿರುವುದರಿಂದ ಕೋವಿಯ ಶಕ್ತಿಯ ಬಗ್ಗೆ ಸಂಶಯವಿಲ್ಲ. ಬಳಕೆಯಲ್ಲಿದೆ ಎಂದು ರುಜುವಾಗಿದೆ. ಆದಾಗ್ಯೂ ಇಂಥ ಕೋವಿಯನ್ನು ನಿರಂತರ ಪರೀಕ್ಷೆಯಲ್ಲಿ ಇರಿಸುವುದು ಅಗತ್ಯ. ವಾರಕ್ಕೆ ಆರರಂತೆ ನಮೂನೆ ಕಳುಹಿಸುತ್ತಿರತಕ್ಕದ್ದು. ಚರೆ ಸ್ವಲ್ಪ ಸಣ್ಣದಿರಲಿ."

"ಉಳೀತು ನಿನ್ನ ಕೋವಿ," ಅಂದರು ನರಸಿಂಹಯ್ಯನವರು ಸಂತೋಷದಿಂದ.

"ತಗೊಂಡು ಹೋಗ್ತೀನಿ."

"ತುಂಬಿದೆಯಲ್ಲ."

ಪಿಳ್ಳಪ್ಪ ಉರುಲು ಸರಿಮಾಡಲು ಬೇಲಿಯ ಕಡೆ ಹೋದ.

ಒಳಗಿನ ಮೂವತ್ತು ಕೋವಿಗಳು ಬೀಗದೊಳಗಿದ್ದು ಒಂದು ಹಕ್ಕಿಯನ್ನೂ ಹೊಡೆದಿರಲಿಲ್ಲ. ಅವನ್ನು ಸಂಕ್ರಾಂತಿಯ ಮರುದಿನ ಎರಡು ಗಾಡಿಯಲ್ಲಿ ಹೇರಿ ಕರಗಿಸಲು ಒಯ್ದರು. ಖಾಲಿ ಮಾಡಿ ತಂದಿದ್ದ ಮೂವತ್ತು ಜನ ರಸ್ತೆಯ ಪಕ್ಕದಲ್ಲಿ ನಿಂತು ನೋಡಿದರು. ಅವರಲ್ಲೊಬ್ಬ ಪಿಳ್ಳಪ್ಪನಿಗೆ, "ನಿಂದು ಪುಣ್ಯ ಕಣಪ್ಪ," ಅಂದ.

ಹನ್ನೊಂದು ತಿಂಗಳು ಹೀಗೆ ನಡೆಯಿತು. ಮುಂಗಾರಿನಲ್ಲಿ ಇಮಾಮ್ ಸಾಬ್ ಕೋವಿಯ ಬಾಯಿಗೆ ಬಟ್ಟೆ ತುರುಕಿ, ಮೇಲೆ ಗೋಣಿತಾಟು ಹೊದಿಸಿದ. ಮದ್ದು ಸ್ಥಳಾಂತರದ ಅರ್ಜಿಗೆ ಬೆಂಗಳೂರಿನಿಂದ ಉತ್ತರ ಬರಲಿಲ್ಲ. ಪಿಳ್ಳಪ್ಪ ದಿನ ಬಿಟ್ಟು ದಿನ ಬಂದು ನಳಿಗೆಗೆ ಹರಳೆಣ್ಣೆ ಒರೆಸಿ, ಬೇಲಿಯಲ್ಲಿದ್ದುದನ್ನು ಬಿಡಿಸಿ, ಮುಳ್ಳು ಹಿಡಿದು ಕೂರುತ್ತಿದ್ದ. ಅವನ ಕೈ ಪಳಗಿತು. ಅದು ಅವನಿಗೆ ಸೇರಲಿಲ್ಲ.

ನವೆಂಬರಿನಲ್ಲಿ ಬೆಂಗಳೂರಿನ ಸಾಹೇಬರು ಖುದ್ದಾಗಿ ದಯಮಾಡಿಸಿದರು. ಭಾರೀ ಆಸಾಮಿ. ಬಲಗಡೆ ಹಲ್ಲು ಇರಲಿಲ್ಲ. ಒಂದೇ ವರ್ಷದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಹಕ್ಕಿ ಹೊಡೆದ ಕೋವಿಯನ್ನು ಕಣ್ಣಾರೆ ನೋಡಬೇಕೆಂದು ಅವರ ಇಚ್ಛೆ.

"ಇದೇ ಏನು? ಹಾರಿಸಿ ತೋರಿಸು," ಅಂದರು.

"ಹನ್ನೊಂದನೆಯ ನಿಯಮ..." ಎಂದು ನರಸಿಂಹಯ್ಯನವರು ಶುರುಮಾಡಿದರು.

"ಹತ್ತು ನಿಮಿಷ ರದ್ದು," ಅಂದರು ಸಾಹೇಬರು.

ಇಮಾಮ್ ಸಾಬ್ ಬಾದ್‌ಶಾನ ಪಂಜರವನ್ನು ಇಳಿಸಿ, ರುಮಾಲು ಮುಚ್ಚಿ, ಮೇಜಿನ ಕೆಳಗೆ ಇಟ್ಟು ಬಂದ. ಬಾದ್‌ಶಾ ಅಲ್ಲಿಂದಲೇ ಕೂಗಿತು. ಹುರುಳಿ ಹೊಲದ ಕೌಜುಗ ಬೇಲಿಯ ಈಚೆ ತಲೆ ಹಾಕಿತು.

ಪಿಳ್ಳಪ್ಪ ಕೋವಿ ಎತ್ತಿಕೊಂಡ. ಹನ್ನೊಂದು ತಿಂಗಳ ಮೇಲೆ ಹಿಡಿ ಹೆಗಲಿಗೆ ಕೂತಿತು. ಕೂರುವ ಜಾಗ ಅದಕ್ಕೆ ಮರೆತಿರಲಿಲ್ಲ. ಕೇಪಿನ ಮೇಲೆ ಹಸಿರು ಕಿಲುಬು ಕಟ್ಟಿದ್ದು ಕಂಡಿತು. ಬೇರೆ ಕೇಪು ಇರಲಿಲ್ಲ. ಅವನು ನಾಲಿಗೆಯಿಂದ "ಚ್ಚೊ" ಎಂದು ಸದ್ದು ಮಾಡಿ ಹಕ್ಕಿಯನ್ನು ಎಬ್ಬಿಸಿದ. ಹಕ್ಕಿ ಎದ್ದಿತು. ಪಿಳ್ಳಪ್ಪ ಕೋವಿಯ ಕುದುರೆ ಎಳೆದ.

ಟಿಕ್ ಎಂದಿತು.

ಅಷ್ಟೆ. ಹಕ್ಕಿ ಬೇಲಿಯ ಮೇಲೆ ಹಾರದೆ ಕೆಳಗೆ ನುಗ್ಗಿ, ಉರುಲಿಗೆ ಕತ್ತು ಕೊಟ್ಟು, ರೆಕ್ಕೆ ಬಡಿದು ಬಿತ್ತು.

"ಭೇಷ್!" ಅಂದರು ಸಾಹೇಬರು.

ಪಿಳ್ಳಪ್ಪ ಕೋವಿ ಇಳಿಸಿದ.

"ಕೋವಿ ಹಾರಲಿಲ್ಲ ಸ್ವಾಮಿ. ಉರುಲಿಗೆ ಬಿತ್ತು. ಎಲ್ಲಾ ಉರುಲಿಂದೇ. ಚರೆ ನಾನು ಮುಳ್ಳಲ್ಲಿ ತುರುಕಿದ್ದು. ಕೋವಿ ಹೋದ್ವರ್ಷ ಹೆಂಗೆ ಬಂತೋ ಹಂಗೇ ಐತೆ."

ಸಾಹೇಬರು ಕುರ್ಚಿ ತರಿಸಿಕೊಂಡು ಕೂತರು.

"ಉರುಲಿನ ಹಕ್ಕಿ ಅಪರಾಧದ ಹಕ್ಕಿ, ಅಲ್ಲವೇ ನರಸಿಂಹಯ್ಯ?"

"ಹೌದು ಮಹಾಸ್ವಾಮಿ. ಹದಿನಾರು."

"ತಿಂದವರಿಗೆ?"

"ಅದೇ ಶಿಕ್ಷೆ ಮಹಾಸ್ವಾಮಿ."

"ಹಾಗಾದರೆ ನಾನು ಹನ್ನೊಂದು ತಿಂಗಳು ಅಪರಾಧ ತಿಂದೆನೋ?"

"ಛೆ ಛೆ."

ಸಾಹೇಬರು ಪಿಳ್ಳಪ್ಪನ ಕಡೆ ತಿರುಗಿದರು. ಮಾತು ಮೆತ್ತಗಿತ್ತು. "ನೋಡಪ್ಪ. ಕೋವಿ ಹಾರಲಿಲ್ಲ ಅಂದರೆ ಅದು ಬಳಕೆಯಲ್ಲಿಲ್ಲದ ಕೋವಿ. ನಾಳೆಯೇ ಕರಗುತ್ತೆ. ಹಾರಿತು ಅಂದರೆ ಅದು ಖಾಲಿ. ಖಾಲಿ ಕೋವಿ ಮನೆಗೆ ಹೋಗಬಹುದು. ನಿಯಮವೇನು ಕ್ರೂರವಲ್ಲ. ಈಗ ಹೇಳು. ಹಾರಿತೋ, ಇಲ್ಲವೋ?"

ಪಿಳ್ಳಪ್ಪ ಕೋವಿಯ ಹಿಡಿಯ ಮೇಲೆ ಅಂಗೈ ಇಟ್ಟುಕೊಂಡಿದ್ದ. ಅಲ್ಲಿ ಅವನಪ್ಪನ ಅಂಗೈ ಸವೆಸಿದ ಒಂದು ಗುಂಡಿ ಇತ್ತು.

"ಹಾರ್ತು," ಅಂದ.

"ಶಬ್ದ?"

"ಆಯ್ತು."

ಇಮಾಮ್ ಸಾಬ್ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಸ್ವಲ್ಪ ತಡವಾಗಿತ್ತು, ಆದರೂ ಸಾಹೇಬರು ಮೆಚ್ಚಿದರು.

ರಿಜಿಸ್ಟರಿನಲ್ಲಿ ಸಹಿ ಬಿತ್ತು. ಖಾಲಿ — ಹೌದು. ಮಧ್ಯಾಹ್ನ ಸುತ್ತಮುತ್ತಲಿನ ಹಳ್ಳಿಗಳಲ್ಲಿ ತಮಟೆ ಬಡಿಸಿದರು.

"ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಗೋಣಿಕುಂಟೆಯಲ್ಲಿ ಕೋವಿಯ ಶಬ್ದವಾಗಿರುತ್ತದೆ. ಮೂರು ಮೈಲಿ ಫಾಸಲೆಯಲ್ಲಿ ಇರುವ ಎಲ್ಲರೂ ಅದನ್ನು ಕೇಳಿದ್ದಾಗಿ ರುಜು ಹಾಕತಕ್ಕದ್ದು. ಕೇಳದೆ ಇರುವವರು ಕಾರಣ ಸಹಿತ ಅರ್ಜಿ ಕೊಡತಕ್ಕದ್ದು."

ಅರ್ಜಿ ಬಂದದ್ದು ಒಂದೇ. ನಲ್ಲೂರಿನ ಬೈರಪ್ಪ ಎಂಬ ಮುದುಕನದು. ಅವನಿಗೆ ಇಪ್ಪತ್ತು ವರ್ಷದಿಂದ ಕಿವಿ ಕೇಳಿಸದು. ಅರ್ಜಿಯ ಮೇಲೆ ನರಸಿಂಹಯ್ಯನವರು ಬರೆದರು: "ಅರ್ಜಿದಾರನು ಶಬ್ದಕ್ಕೆ ಮುಂಚಿನಿಂದಲೇ ಕಿವುಡನಾಗಿರುವುದರಿಂದ ಕ್ಷಮಿಸಿದೆ. ಹೊಗೆ ಕಂಡಿದ್ದಾಗಿ ಬರೆದುಕೊಡಲಿ." ಬೈರಪ್ಪ ಬರೆದುಕೊಟ್ಟ. ಹೊಗೆ ಬೆಳ್ಳಗಿತ್ತು ಎಂದು ತಾನಾಗಿ ಸೇರಿಸಿದ.

ಪಿಳ್ಳಪ್ಪ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟಾಗ ಇಮಾಮ್ ಸಾಬ್ ಗೇಟಿನ ತನಕ ಬಂದು ಅವನ ಅಂಗೈಗೆ ಒಂದು ಕಾಗದದ ಪೊಟ್ಟಣ ಒತ್ತಿದ. ಒಳಗೆ ಒಂದು ಹೊಸ ಕೇಪು ಇತ್ತು.

"ಎಲ್ಲಿಂದ?"

"ಕೇಳಬ್ಯಾಡ. ಖಾಲಿ ಕೋವಿಗೆ ಕೇಪು ಯಾತಕ್ಕೆ ಅಂತ ನಾನೂ ಕೇಳಾಕಿಲ್ಲ."

"ಬೇಲಿ ಉರುಲು?"

"ಅದು ನನ್ನ ಡ್ಯೂಟಿ ಈಗ. ಸಾಹೇಬ್ರು ನಮೂನೆ ನಿಲ್ಲಿಸ್ಬ್ಯಾಡಿ ಅಂದವ್ರೆ."

ಮನೆಯಲ್ಲಿ ಪಿಳ್ಳಪ್ಪ ಕೋವಿಯನ್ನು ಗೂಟಕ್ಕೆ ಏರಿಸಿ ಹೆಂಡತಿಯನ್ನು ಕೇಳಿದ.

"ನಿಂಗೂ ಕೇಳಿಸ್ತಾ?"

"ಕೇಳಿಸ್ದೆ ಇರ್ತದಾ? ಒಲೆ ಮೇಲಿನ ಮಡಕೆ ಅಲ್ಲಾಡೋಯ್ತು," ಅಂದಳು ಅಮ್ಮಯಮ್ಮ. ಅವಳ ಹೆಬ್ಬೆಟ್ಟು ರುಜುವಿನ ಮಸಿಯಿಂದ ಇನ್ನೂ ನೀಲಿಯಾಗಿತ್ತು.

ಮುಂದಿನ ಸಂಕ್ರಾಂತಿ ಕಳೆದ ಎಂಟನೆಯ ದಿನ ಬೆಳಿಗ್ಗೆ ಪಿಳ್ಳಪ್ಪ ಕೋವಿ ಇಳಿಸಿ, ಸೂಜಿಯಿಂದ ಕೇಪಿನಡಿಯ ತೂತು ಚುಚ್ಚಿ, ಹೊಸ ಕೇಪು ಇಟ್ಟು, ಅವರೆ ಹೊಲದ ಬದುವಿಗೆ ಹೋಗಿ ಕೂತ. ಬಿಸಿಲು ಏರುವ ತನಕ ಕೂತ. ಒಂದು ಕೌಜುಗ ಸಾಲಿನಲ್ಲಿ ನಡೆದು ಬಂತು. ಅವನು "ಚ್ಚೊ" ಅಂದ. ಅದು ಎದ್ದಿತು. ಅವನು ಕುದುರೆ ಎಳೆದ.

ಢಂ ಎಂದಿತು. ಹುಣಸೆ ತೋಪಿನ ಕಾಗೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಹೊಗೆ ಹೊಲದ ತುಂಬ ನಿಂತಿತು. ಪಿಳ್ಳಪ್ಪನ ಹೆಗಲು ಜುಮ್ಮೆಂದಿತು. ಹಕ್ಕಿ ಗಾಳಿಯಲ್ಲೇ ಮಡಿಚಿಕೊಂಡು ಅವರೆಯ ಮೇಲೆ ಬಿತ್ತು.

ಅವನು ಅದನ್ನು ಕಾಲು ಹಿಡಿದು ತೂಗಿಸಿಕೊಂಡು, ಇನ್ನೊಂದು ಹೆಗಲ ಮೇಲೆ ಕೋವಿ ಇಟ್ಟುಕೊಂಡು, ಊರ ನಡುವಿನಿಂದಲೇ ಬಂದ. ಅರಳಿಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಕೋವಿ ಖಾಲಿ ಎಂದು ದಾಖಲಾಗಿತ್ತು. ಅದರ ಶಬ್ದಕ್ಕೆ ಅವರೆಲ್ಲ ನವೆಂಬರಿನಲ್ಲೇ ರುಜು ಹಾಕಿದ್ದರು.

"ಏನಪ್ಪಾ ಪಿಳ್ಳಪ್ಪ, ಸುಮ್ನೆ ತಿರುಗಾಡೋಕೆ ಹೋಗಿದ್ದಂಗದೆ," ಅಂದ ಒಬ್ಬ.

"ಹೂಂ. ಸುಮ್ನೆ."

ಕಟ್ಟೆಯ ತುದಿಯಲ್ಲಿ ಕೂತಿದ್ದ ಕಿವುಡ ಬೈರಪ್ಪ ಮಾತ್ರ ಎದ್ದು ನಿಂತಿದ್ದ. ಅಂಗಾಲು ಮುಟ್ಟಿಕೊಂಡು, "ಏನೋ ಢಂ ಅಂದಂಗಾಯ್ತಲ್ರೋ," ಅಂದ.

"ಸುಮ್ನೆ ಕೂತ್ಕೊಳ್ಳೋ. ನಿಂಗೆ ಕಿವಿ ಕೇಳ್ಸಲ್ಲ," ಎಂದು ಎಲ್ಲರೂ ಸನ್ನೆಯಲ್ಲಿ ತಿಳಿಸಿದರು. ಬೈರಪ್ಪ ಕೂತ.

ಅಮ್ಮಯಮ್ಮ ಹಕ್ಕಿಯನ್ನು ಎಲ್ಲಿಂದ ಎಂದು ಕೇಳದೆ ಪುಕ್ಕ ಕಿತ್ತಳು. ಖಾರ ಅರೆದು ಸಾರು ಮಾಡಿದಳು. ಇಬ್ಬರೂ ಮುದ್ದೆ ಮುರಿದು ಉಂಡರು. ನಾಲ್ಕನೆಯ ತುತ್ತಿಗೆ ಅವಳ ಹಲ್ಲಿಗೆ ಏನೋ ಕಟ್ಟೆಂದಿತು. ಬೆರಳು ಹಾಕಿ ತೆಗೆದಳು. ಚರೆ. ರೆಕ್ಕೆಯ ಕೆಳಗಿನದು.

ಅದನ್ನು ತಟ್ಟೆಯ ಅಂಚಿಗೆ ಇಟ್ಟು ಗಂಡನ ಮುಖ ನೋಡಿದಳು.

"ಚೆನ್ನಾಗಿ ತುರುಕಿದ್ದೀಯ," ಅಂದಳು.

"ಹೂಂ," ಅಂದ ಪಿಳ್ಳಪ್ಪ. "ಕೈ ಪಳಗೈತೆ."